ಹತ್ತರ ತನಕ ಎಣಿಸುತ್ತಿದ್ದ ಅಪ್ಪ

ಕಳೆದ ವರ್ಷ ಒಂದು ಗುರುವಾರ, ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡುವೆ ಅವ್ವನ ಫೋನ್ ಬಂತು. ಅವ್ವ ಆ ಹೊತ್ತಲ್ಲಿ ಫೋನ್ ಮಾಡುವವಳೇ ಅಲ್ಲ. ಮ್ಯೂಟ್ ಮಾಡಿ ಎತ್ತಿದೆ.

"ನಿಮ್ಮಪ್ಪ ನಿನ್ನೆಯಿಂದ ಊಟಾ ಮಾಡವಲ್ಲ. ಕಂಪನ್ಯಾಗ ಏನೋ ಕಾಗದಾ ಕೊಟ್ಟಾರಂತ. ನೀ ಒಂದೀಟು ಮಾತಾಡು."

ಕಾಗದ ಅಂದರೆ ಮೆಮೊ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೋರ್ಜಿಂಗ್ ಶಾಪಿನಲ್ಲಿ ಅಪ್ಪ ಇಂಡಕ್ಷನ್ ಫರ್ನೇಸ್ ಆಪರೇಟರ್. 26 ವರ್ಷದ ಸರ್ವಿಸ್, ನಿವೃತ್ತಿಗೆ ಇನ್ನೆರಡು ವರ್ಷ. ಅಷ್ಟೂ ವರ್ಷದಲ್ಲಿ ಅವನಿಗೆ ಬಂದ ಮೊದಲ ಮೆಮೊ ಅದು. ಒಂದು ಲಾಟ್ ಪೂರ್ತಿ ಗ್ರಾಹಕ ಕಂಪನಿಯಿಂದ ವಾಪಸ್ ಬಂದಿತ್ತು. ಪೀಸ್‌ಗಳನ್ನು ಕತ್ತರಿಸಿ ನೋಡಿದರೆ ಒಳಗೆ ಬಿರುಕು. ಕಬ್ಬಿಣ ಸರಿಯಾಗಿ ಕಾಯದೆ ಪ್ರೆಸ್ಸಿಗೆ ಹೋಗಿದೆ ಅಂತ ರಿಪೋರ್ಟ್. 'ಆಪರೇಟರ್ ತಾಪಮಾನವನ್ನು ಸರಿಯಾಗಿ ಗಮನಿಸದೆ ಬಿಲ್ಲೆಟ್ ಬಿಟ್ಟಿದ್ದಾರೆ' ಅಂತ ಮೆಮೊ.

ಅದಕ್ಕಿಂತ ನೋವಾಗಿದ್ದು ಮೆಮೊದಲ್ಲಿ ಇಲ್ಲದ ಒಂದು ಮಾತು. ಸೂಪರ್‌ವೈಸರ್ ಎಲ್ಲರ ಎದುರಿಗೆ ಹೇಳಿದ್ದನಂತೆ: "ಕಾಕಾ, ನಿಮ್ಮ ಕಣ್ಣ ಹೋಗ್ಯಾವ್ರೀ. ಬಣ್ಣಾ ಎಲ್ಲಿ ಕಾಣಬೇಕು?"

ಅಪ್ಪನ ಕಣ್ಣಲ್ಲಿ ಪೊರೆ ಬರುತ್ತಿದ್ದದ್ದು ನಿಜ. ಅದನ್ನು ಅವನು ಮನೆಯಲ್ಲೂ ಮುಚ್ಚಿಟ್ಟಿದ್ದ.

ಶುಕ್ರವಾರ ರಾತ್ರಿ ಬಸ್ ಹಿಡಿದೆ.

*

ಕಥೆ ಮುಂದುವರಿಸುವ ಮುಂಚೆ ಈ ಫರ್ನೇಸ್ ಅಂದರೆ ಏನು ಅಂತ ಹೇಳಿಬಿಡ್ತೀನಿ. ನಿಮ್ಮ ಅಡುಗೆಮನೆಯ ಇಂಡಕ್ಷನ್ ಒಲೆ ಗೊತ್ತಲ್ಲ? ಅದರ ದೊಡ್ಡಪ್ಪ ಇದು. ಬೆಂಕಿ ಇಲ್ಲ, ಹೊಗೆ ಇಲ್ಲ. ಒಂದು ತಾಮ್ರದ ಸುರುಳಿ, ಅಂದರೆ ಕಾಯಿಲ್. ಕೊಳವೆಯಂಥ ಆ ತಾಮ್ರದೊಳಗೆ ಸದಾ ತಣ್ಣೀರು ಹರಿಯುತ್ತಿರುತ್ತೆ. ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟ್ ಹರಿಸಿದರೆ ಒಳಗಿನ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಅಲ್ಲಾಡುತ್ತೆ. ಆ ಕ್ಷೇತ್ರದೊಳಗೆ ಕಬ್ಬಿಣದ ತುಂಡು ಇಟ್ಟರೆ ಅದರ ಮೈಯಲ್ಲೇ ಕರೆಂಟ್ ಹುಟ್ಟಿ ಸುತ್ತತೊಡಗುತ್ತೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. ಹಾಗೆ ಸುತ್ತುವ ಕರೆಂಟಿಗೆ ಕಬ್ಬಿಣ ಒಡ್ಡುವ ತಡೆಯಿಂದ ಕಬ್ಬಿಣ ತಾನೇ ಕಾಯುತ್ತೆ. ಕಾಯಿಲ್ ತಣ್ಣಗಿರುತ್ತೆ, ಒಳಗಿನ ತುಂಡು ನಿಗಿನಿಗಿ.

ಅಪ್ಪನ ಶಾಪಿನಲ್ಲಿ ಆ ತುಂಡಿಗೆ ಬಿಲ್ಲೆಟ್ ಅಂತಾರೆ. ದುಂಡನೆಯ ಉಕ್ಕು, ಗೇಣುದ್ದಕ್ಕಿಂತ ಚೂರು ಕಡಿಮೆ. ಸಾಲಾಗಿ ಹತ್ತು ಬಿಲ್ಲೆಟ್ ಕಾಯಿಲ್ ಒಳಗೆ ಕೂತಿರುತ್ತವೆ. ಹಿಂದಿನಿಂದ ಒಂದು ಹೊಸದನ್ನು ತಳ್ಳಿದರೆ ಮುಂದಿನಿಂದ ಕಾದದ್ದೊಂದು ಹೊರಗೆ ಬೀಳುತ್ತೆ. ಸುಮಾರು 1200 ಡಿಗ್ರಿ ಕಾದಿರಬೇಕು. ಅಲ್ಲಿಂದ ಪ್ರೆಸ್ಸಿಗೆ.

ಚಿಕ್ಕವಳಿದ್ದಾಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ. ಗೇಟಿನ ಹತ್ತಿರ ನಿಂತರೆ ಅಪ್ಪ ಕಾಣುತ್ತಿದ್ದ. ಕಾಯಿಲ್ ಬಾಯಿಂದ ಬಿದ್ದ ಬಿಲ್ಲೆಟ್ಟನ್ನು ಇಕ್ಕಳದಲ್ಲಿ ಹಿಡಿದು, ತಕ್ಷಣ ಪ್ರೆಸ್ಸಿಗೆ ಕೊಡದೆ ನಿಲ್ಲುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. ಒಮ್ಮೆ ಕೇಳಿದರೆ ನಕ್ಕ. "ದೇವರಲ್ಲವಾ, ಹತ್ತರ ತನಕ ಎಣಸ್ತೇನಿ. ಈಗ ತಾನ ಹೊರಗ ಬಂದೈತಿ, ಒಂದೀಟು ಉಸಿರು ತಗೊಳ್ಳಲಿ."

ನನಗೂ ನಗು ಬಂದಿತ್ತು. ಕಬ್ಬಿಣ ಉಸಿರಾಡುತ್ತಾ?

*

ಶನಿವಾರ ಬೆಳಿಗ್ಗೆ ಅಪ್ಪ ವರಾಂಡದಲ್ಲಿ ಕೂತಿದ್ದ. ಪೇಪರ್ ಕೈಯಲ್ಲಿತ್ತು, ಓದುತ್ತಿರಲಿಲ್ಲ.

"ನಾ ಬಣ್ಣಾ ನೋಡೇ ಬಿಟ್ಟೇನಿ ತಂಗೀ. ಮಾಗಿದ ಲಿಂಬಿಹಣ್ಣಿನ ಬಣ್ಣಾ ಇತ್ತು. ಕಣ್ಣು ಮಂಜಾಗ್ಯಾವ, ಖರೆ. ಆದ್ರ ಅಷ್ಟು ಮೋಸಾ ಮಾಡೂದಿಲ್ಲ."

ಕಾದ ಕಬ್ಬಿಣ ತನ್ನ ತಾಪವನ್ನು ಬಣ್ಣದಲ್ಲೇ ಹೇಳುತ್ತೆ. ಮಂಕು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. 26 ವರ್ಷ ಅದನ್ನೇ ನೋಡಿದವನಿಗೆ ಕಣ್ಣೇ ಥರ್ಮಾಮೀಟರ್. ಆ ಥರ್ಮಾಮೀಟರ್ ಕೆಟ್ಟಿದೆ ಅಂತ ಅವನಿಗೆ ಹೇಳಿದ್ದರು.

ನಾನು ಓದಿದ್ದು ಮೆಕ್ಯಾನಿಕಲ್. ಮಾಡುತ್ತಿರುವುದು ಬೆಂಗಳೂರಲ್ಲಿ ಪೇಮೆಂಟ್ ಆ್ಯಪ್ ಒಂದರ ಬ್ಯಾಕೆಂಡ್ ಕೋಡ್. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಇರ್ತೀರಿ, ಓದಿದ್ದು ಒಂದು, ಸಂಬಳ ಕೊಡೋದು ಇನ್ನೊಂದು. ಕಾಲೇಜಲ್ಲಿ ಫೈನೈಟ್ ಎಲಿಮೆಂಟ್, ಹೀಟ್ ಟ್ರಾನ್ಸ್‌ಫರ್ ಎಲ್ಲಾ ಬಾಯಿಪಾಠ ಮಾಡಿ ಪಾಸಾಗಿದ್ದೆ. ಆ ಶನಿವಾರ ಮೊದಲ ಸಲ ಅನ್ನಿಸಿತು, ಇದು ನನ್ನಪ್ಪನಿಗೆ ಬೇಕಾಗಿರುವ ಲೆಕ್ಕ.

"ಅಪ್ಪಾ, ಬಿಲ್ಲೆಟ್ ಸೈಜ್ ಎಷ್ಟು?"

ಅವನಿಗೆ ಎಲ್ಲಾ ಬಾಯಲ್ಲೇ ಇತ್ತು. ಮೊದಲು 45 ಮಿ.ಮೀ. ವ್ಯಾಸ, ಹೊಸ ಆರ್ಡರ್‌ಗೆ 60 ಮಿ.ಮೀ. ಉದ್ದ 150. ಕಾಯಿಲ್ ಬದಲಿಸಿ ದೊಡ್ಡದು ಹಾಕಿದ್ದರು, ಪವರ್ ಸಪ್ಲೈ ಮಾತ್ರ ಹಳೆಯದೇ, 3 ಕಿಲೋಹರ್ಟ್ಜ್, 400 ಕಿಲೋವ್ಯಾಟ್. ಮೊದಲು ಅರ್ಧ ಪವರಿನಲ್ಲಿ ಓಡುತ್ತಿದ್ದದ್ದು ಈಗ ಹೆಚ್ಚೂಕಡಿಮೆ ಪೂರ್ತಿ. ಆದರೆ ಸೈಕಲ್ ಟೈಮ್ ಹಾಗೇ ಇತ್ತು: 11 ಸೆಕೆಂಡಿಗೊಂದು ಬಿಲ್ಲೆಟ್, ಅಂದರೆ ಒಂದೊಂದೂ ಕಾಯಿಲ್ ಒಳಗೆ ಇರುವುದು 110 ಸೆಕೆಂಡ್. ಜೊತೆಗೆ ಹೊಸದಾಗಿ ಒಂದು ಚೂಟ್ ಹಾಕಿದ್ದರು. ಬಿಲ್ಲೆಟ್ ಕಾಯಿಲ್‌ನಿಂದ ಜಾರಿ ಸೀದಾ ಪ್ರೆಸ್ಸಿಗೆ. ಇಕ್ಕಳದ ಕೆಲಸ ಇಲ್ಲ.

ಲ್ಯಾಪ್‌ಟಾಪ್ ತೆಗೆದೆ.

*

ಬಿಲ್ಲೆಟ್ಟನ್ನು ಕಂಪ್ಯೂಟರಿನೊಳಗೆ ಇಡುವುದು ಹೇಗೆ? ನಾನು ಮಾಡಿದ್ದು ತೀರಾ ಸರಳ. ಒಂದು ಉಳ್ಳಾಗಡ್ಡಿ ಅಂದುಕೊಳ್ಳಿ. ಮೇಲಿನಿಂದ ನಡುವಿನ ತನಕ 100 ತೆಳು ಪದರ. ಪ್ರತಿ ಪದರಕ್ಕೂ ಎರಡು ಪ್ರಶ್ನೆ. ಒಂದು, ಈ ಪದರದಲ್ಲಿ ಎಷ್ಟು ಕರೆಂಟ್ ಸುತ್ತುತ್ತಿದೆ, ಅದರಿಂದ ಎಷ್ಟು ಶಾಖ ಹುಟ್ಟುತ್ತಿದೆ? ಇದಕ್ಕೆ ಉತ್ತರ ಮ್ಯಾಕ್ಸ್‌ವೆಲ್ ಸಮೀಕರಣಗಳಲ್ಲಿದೆ. ಎರಡು, ಪಕ್ಕದ ಪದರದಿಂದ ಎಷ್ಟು ಶಾಖ ಬಂತು, ಎಷ್ಟು ಹೋಯಿತು? ಇದು ಫೂರಿಯೇ 1822ರ ತನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ.

ಎರಡೂ ಲೆಕ್ಕಗಳ ವೇಗ ಬೇರೆಬೇರೆ. ಕರೆಂಟ್ ಸೆಕೆಂಡಿಗೆ 3000 ಸಲ ಕುಣಿಯುತ್ತೆ, ಶಾಖ ನಿಧಾನಕ್ಕೆ ನಡೆಯುತ್ತೆ. ಹಾಗಾಗಿ ಕರೆಂಟಿನ ಒಂದೊಂದು ಕುಣಿತವನ್ನೂ ಹಿಂಬಾಲಿಸದೆ, ಅದರ ಸರಾಸರಿ ಶಾಖವನ್ನಷ್ಟೇ ತೆಗೆದು ಎರಡನೇ ಲೆಕ್ಕಕ್ಕೆ ಕೊಡೋದು. ತಾಪ ಒಂದು ಸೆಕೆಂಡಿನಷ್ಟು ಮುಂದೆ ಹೋದ ಮೇಲೆ ಮತ್ತೆ ಕರೆಂಟಿನ ಲೆಕ್ಕ. ಹೀಗೆ 110 ಸಲ ಕೊಡು-ಕೊಳ್ಳು. ಹೊರಗಿನ ಪದರದಿಂದ ಗಾಳಿಗೆ, ಸುತ್ತಲಿನ ಗೋಡೆಗೆ ಹೋಗುವ ಶಾಖ ಕಳೆಯಬೇಕು. ಅಷ್ಟೇ.

ಪೈಥಾನ್‌ನಲ್ಲಿ 150 ಸಾಲು. ಮಧ್ಯಾಹ್ನದೊಳಗೆ ಓಡಿತು. ಒಳ್ಳೇ ಗ್ರಾಫ್ ಬಂತು. ಹೊರಗೆ 1200, ನಡುವೆ 1140. ವ್ಯತ್ಯಾಸ ಬರೀ 60 ಡಿಗ್ರಿ. ಫೋರ್ಜಿಂಗಿಗೆ ಅದು ನಡೆಯುತ್ತೆ.

ಖುಷಿಯಿಂದ ಓಡಿಹೋಗಿ ಹೇಳಿದೆ. "ಅಪ್ಪಾ, ಲೆಕ್ಕ ಬಂತು. 110 ಸೆಕೆಂಡ್ ಸಾಕಂತೆ. ಹೊರಗೆ ಸರಿಯಾಗಿ ಕಾದಿದ್ರೆ ಒಳಗೂ ಕಾದಿರುತ್ತೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಅಂದ, "ಹಂಗಾರ ತಪ್ಪು ನಂದ ಅಂದಂಗಾತು."

ಆಗ ಹೊಳೆಯಿತು ನಾನೇನು ಹೇಳಿದೆ ಅಂತ. ಒಳಗೆ ಕಾಯದೆ ಬಿರುಕು ಬಿಟ್ಟಿರುವುದು ಪುರಾವೆ ಸಮೇತ ಇದೆ. 'ಹೊರಗೆ ಸರಿಯಿದ್ದರೆ ಒಳಗೂ ಸರಿ' ಅಂತ ನನ್ನ ಲೆಕ್ಕ ಹೇಳಿದರೆ, ಹೊರಗೂ ಸರಿ ಇರಲಿಲ್ಲ ಅಂತಾಯ್ತು. ಅಪ್ಪನ ಕಣ್ಣಿಗೆ ಕಂಡ ಲಿಂಬಿಹಣ್ಣು ಸುಳ್ಳು. ಸೂಪರ್‌ವೈಸರ್ ಬಾಯಲ್ಲಿ ಹೇಳಿದ್ದನ್ನು ನಾನು ಗ್ರಾಫ್ ಹಾಕಿ ಹೇಳಿದ್ದೆ.

ಆ ರಾತ್ರಿ ಅಪ್ಪ ಊಟಕ್ಕೆ ಕೂತ, ಅರ್ಧ ರೊಟ್ಟಿಗೆ ಎದ್ದ. ಅವ್ವ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

*

ಭಾನುವಾರ ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪನೇ ಮಾತು ತೆಗೆದ.

"ಒಂದು ಕೇಳ್ತೇನಿ. ನಿನ್ನ ಲೆಕ್ಕದಾಗ ಅದರ ದನಿ ಬದಲಾಗ್ತೈತೇನು?"

"ಯಾವ ದನಿ ಅಪ್ಪಾ?"

"ಮುಂಜಾನೆ ತಣ್ಣನ್ನ ಬಿಲ್ಲೆಟ್ ತುಂಬಿ ಪವರ್ ಕೊಟ್ಟಾಗ ಕಾಯಿಲ್ ಒಂದು ದನಿಯಾಗ ಗುಂಯ್ ಅಂತಿರ್ತೈತಿ. ಕಬ್ಬಿಣ ಕೆಂಪು ಹಿಡದ ಮ್ಯಾಲ ಆ ದನಿ ಏರ್ತೈತಿ. ದನಿ ಏರೂತನಾ ಮೈಯಷ್ಟ ಕಾಯ್ತೈತಿ. ಏರಿದ ಮ್ಯಾಲ ಒಳಗ ಇಳೀತೈತಿ."

ಚಹಾ ಕೈಯಲ್ಲೇ ಉಳಿಯಿತು. ನನ್ನ ಲೆಕ್ಕದಲ್ಲಿ ದನಿ ಬದಲಾಗುತ್ತಿರಲಿಲ್ಲ. ಬದಲಾಗಲು ಸಾಧ್ಯವೇ ಇರಲಿಲ್ಲ.

ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮೇರಿ ಕ್ಯೂರಿಯ ಗಂಡ ಪಿಯರ್ ಕ್ಯೂರಿ ತನ್ನ 1895ರ ಪ್ರಬಂಧದಲ್ಲಿ ಅಧ್ಯಯನ ಮಾಡಿದ್ದು ಇಂಥದ್ದನ್ನೇ. ಆ ತಾಪಕ್ಕೆ ಕ್ಯೂರಿ ಬಿಂದು ಅಂತಲೇ ಹೆಸರು. ಕಬ್ಬಿಣದ ಕಾಂತಗುಣ ಹೋದಾಗ ಕಾಯಿಲ್‌ನ ಇಂಡಕ್ಟೆನ್ಸ್ ಇಳಿಯುತ್ತೆ, ಅದಕ್ಕೆ ತಕ್ಕಂತೆ ಪವರ್ ಸಪ್ಲೈ ತನ್ನ ಫ್ರೀಕ್ವೆನ್ಸಿಯನ್ನು ಚೂರು ಏರಿಸಿಕೊಳ್ಳುತ್ತೆ. ಅಪ್ಪನ ಕಿವಿಗೆ ಕೇಳುತ್ತಿದ್ದದ್ದು ಕ್ಯೂರಿ ಬಿಂದು.

ನಾನು? ಆತುರದಲ್ಲಿ ಕಾಲೇಜಿನ ಡೇಟಾ ಹ್ಯಾಂಡ್‌ಬುಕ್ ತೆರೆದು ಉಕ್ಕಿನ ಗುಣಗಳನ್ನು ಒಂದೊಂದೇ ಅಂಕಿಯಾಗಿ ಬರೆದುಕೊಂಡಿದ್ದೆ. ಕಾಂತಗುಣ ಮೊದಲಿನಿಂದಲೂ ಇಲ್ಲವೇ ಇಲ್ಲ ಅಂತ ಇಟ್ಟುಬಿಟ್ಟಿದ್ದೆ, ಲೆಕ್ಕ ಸುಲಭವಾಗಲಿ ಅಂತ.

ಅದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂದರೆ, ಕೇಳಿ. ಕರೆಂಟ್ ಬಿಲ್ಲೆಟ್ಟಿನ ಮೈತುಂಬ ಹರಿಯುವುದಿಲ್ಲ, ಮೇಲ್ಪದರದಲ್ಲೇ ಸುತ್ತುತ್ತೆ. ಆ ಪದರದ ಆಳಕ್ಕೆ ಸ್ಕಿನ್ ಡೆಪ್ತ್ ಅಂತಾರೆ. 3 ಕಿಲೋಹರ್ಟ್ಜ್‌ನಲ್ಲಿ, ತಣ್ಣಗಿನ ಉಕ್ಕಿನಲ್ಲಿ ಅದು ಒಂದು ಮಿಲಿಮೀಟರ್ ಕೂಡ ಇಲ್ಲ. ಉಗುರಿನ ದಪ್ಪ ಅನ್ನಿ. ಕ್ಯೂರಿ ಬಿಂದು ದಾಟಿದ ಬಿಸಿ ಉಕ್ಕಿನಲ್ಲಿ ಅದೇ 10 ಮಿ.ಮೀ. ನಾನು ಮೊದಲಿನಿಂದಲೇ ಕರೆಂಟನ್ನು ಆಳಕ್ಕೆ ಇಳಿಸಿಬಿಟ್ಟಿದ್ದೆ. ನಿಜದಲ್ಲಿ ಅರ್ಧ ದಾರಿ ತನಕ ಬರೀ ಚರ್ಮ ಕಾಯುತ್ತಿತ್ತು.

ಇನ್ನೊಂದು ತಪ್ಪು. ಉಕ್ಕು ಶಾಖವನ್ನು ಒಳಗೆ ಸಾಗಿಸುವ ಶಕ್ತಿ ಕಾಯುತ್ತಾ ಹೋದಂತೆ ಕಡಿಮೆಯಾಗುತ್ತೆ. ತಣ್ಣಗಿದ್ದಾಗ 50 ಇರುವ ಅಂಕಿ ಸಾವಿರ ಡಿಗ್ರಿಯ ಹತ್ತಿರ 27-28ಕ್ಕೆ ಇಳಿಯುತ್ತೆ. ನಾನು 50 ಅಂತಲೇ ಇಟ್ಟಿದ್ದೆ.

ಬದನೆಕಾಯಿ ಸುಡುವವರಿಗೆ ಇದು ಗೊತ್ತು. ಉರಿ ಜೋರಾಗಿಟ್ಟರೆ ಸಿಪ್ಪೆ ಕರಕಲು, ತಿರುಳು ಹಸಿ. ಬೇಗ ಆಗಲಿ ಅಂತ ಉರಿ ಏರಿಸಿದರೆ ಇನ್ನೂ ಕೆಡುತ್ತೆ. ಶಾಪಿನಲ್ಲಿ ಆಗಿದ್ದು ಅದೇ.

ಪ್ರತಿ ಪದರಕ್ಕೂ, ಪ್ರತಿ ಸೆಕೆಂಡಿಗೂ, ಆಗಿನ ತಾಪಕ್ಕೆ ತಕ್ಕ ಗುಣಗಳನ್ನು ಕೊಟ್ಟು ಮತ್ತೆ ಓಡಿಸಿದೆ. ಹೊರಗೆ 1200. ನಡುವೆ 1030.

170 ಡಿಗ್ರಿ ವ್ಯತ್ಯಾಸ. ಹೊರಗೆ ಲಿಂಬಿಹಣ್ಣು, ಒಳಗೆ ಕಿತ್ತಳೆ. ಒಳಗಿನ ಕಿತ್ತಳೆಯನ್ನು ಯಾವ ಕಣ್ಣೂ ನೋಡಲಾರದು. ಪೊರೆ ಬಂದ ಕಣ್ಣೂ ಇಲ್ಲ, ಪೊರೆ ಇಲ್ಲದ ಕಣ್ಣೂ ಇಲ್ಲ. ಪೈರೋಮೀಟರ್ ಹಿಡಿದರೂ ಅದು ನೋಡುವುದು ಮೇಲ್ಮೈಯನ್ನೇ.

*

45 ಮಿ.ಮೀ. ಬಿಲ್ಲೆಟ್ಟಿಗೂ ಅದೇ ಲೆಕ್ಕ ಓಡಿಸಿ ನೋಡಿದೆ. 110 ಸೆಕೆಂಡಿಗೆ ಚೆನ್ನಾಗಿ ಕಾಯುತ್ತಿತ್ತು. ಶಾಖ ಒಳಗೆ ಇಳಿಯಲು ಬೇಕಾದ ಸಮಯ ದಪ್ಪದ ಜೊತೆ ಅಲ್ಲ, ದಪ್ಪದ ವರ್ಗದ ಜೊತೆ ಏರುತ್ತೆ. 45ರಿಂದ 60ಕ್ಕೆ ಹೋದರೆ ದಪ್ಪ ಮೂರರಲ್ಲಿ ಒಂದು ಪಾಲಷ್ಟೇ ಹೆಚ್ಚು. ಸಮಯ ಹೆಚ್ಚೂಕಡಿಮೆ 1.8 ಪಟ್ಟು. ಅಂದರೆ 110 ಅಲ್ಲ, 195 ಸೆಕೆಂಡ್ ಬೇಕು. ಪವರ್ ಏರಿಸಿ ಇದನ್ನು ತುಂಬಲಾಗದು.

ಆಮೇಲೆ ಸುಮ್ಮನೆ ಕುತೂಹಲಕ್ಕೆ ಇನ್ನೊಂದು ಓಡಿಸಿದೆ. ಬಿಲ್ಲೆಟ್ ಹೊರಗೆ ಬಂದ ಮೇಲೆ ಪ್ರೆಸ್ಸಿಗೆ ಹೋಗದೆ ಸುಮ್ಮನೆ ನಿಂತರೆ ಏನಾಗುತ್ತೆ?

ಹೊರಗಿನ ಶಾಖ ಒಂದಿಷ್ಟು ಗಾಳಿಗೆ ಹೋಗುತ್ತೆ, ಒಂದಿಷ್ಟು ಒಳಗೆ ಇಳಿಯುತ್ತೆ. 60ರ ಬಿಲ್ಲೆಟ್ಟಿನಲ್ಲಿ ಹತ್ತು ಸೆಕೆಂಡಿನೊಳಗೆ ಹೊರಗೂ ಒಳಗೂ ಹೆಚ್ಚೂಕಡಿಮೆ ಒಂದೇ ತಾಪ. ಸರಾಸರಿ ಒಂದು 30 ಡಿಗ್ರಿ ಕಳೆದುಹೋಗಿರುತ್ತೆ, ಆದರೆ ಒಳಗಿನ ಹಸಿ ಹೋಗಿರುತ್ತೆ. 45ರ ಬಿಲ್ಲೆಟ್ಟಿಗೆ ಆರು ಸೆಕೆಂಡೇ ಸಾಕು.

"ಅಪ್ಪಾ, ಹತ್ತು ಎಣಿಸು ನೋಡೋಣ. ಶಾಪ್‌ನಲ್ಲಿ ಎಣಿಸ್ತಿದ್ದಂಗೆ."

ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದೆ. ಅಪ್ಪ ಬೇಗಬೇಗ ಎಣಿಸಿದ. ಏಳು ಸೆಕೆಂಡ್.

ಯಾರು ಕಲಿಸಿದ್ದು ಅಂತ ಕೇಳಿದೆ. ಅವನಿಗಿಂತ ಮುಂಚೆ ಇದ್ದ ಆಪರೇಟರ್ ಅಂತೆ. ಅವನಿಗೆ ಯಾರು ಕಲಿಸಿದರೋ. ಚೂಟ್ ಹಾಕಿದ ದಿನ ಅಪ್ಪ ಹೇಳಿದ್ದನಂತೆ, ನಡುವೆ ಒಂದೀಟು ತಡೀಬೇಕ್ರೀ ಅಂತ. "ಕಾಕಾ, ಇದು ಆಟೊಮೇಷನ್ ಐತಿ" ಅಂತ ನಕ್ಕಿದ್ದರಂತೆ. ನಗೋದೇನು, ಬುತ್ತಿ ಹಿಡಿದು ಗೇಟಲ್ಲಿ ನಿಂತಾಗ ನಾನೂ ನಕ್ಕಿದ್ದೆನಲ್ಲ.

*

ಇಲ್ಲಿಗೆ ಕಥೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಯೋಚನೆ ಕೊರೆಯತೊಡಗಿತು. ಮೊದಲ ಸಲ ಲೆಕ್ಕ 60 ಡಿಗ್ರಿ ಅಂದಾಗ ನಾನು ಅದನ್ನೂ ನಂಬಿದ್ದೆ. ಈಗ 170 ಅಂದಾಗ ನಂಬುತ್ತಿರುವುದು ಲೆಕ್ಕ ಸರಿ ಅಂತಲೋ, ಅಪ್ಪ ಸರಿ ಅಂತಾಗಲಿ ಅಂತಲೋ? ಮಗಳು ಬರೆದ ಕೋಡ್ ಅಪ್ಪನ ಪರ ಸಾಕ್ಷಿ ಹೇಳಿದರೆ ಯಾರು ಒಪ್ಪುತ್ತಾರೆ? ಒಪ್ಪಲೂಬಾರದು.

ಆಫೀಸಿನಲ್ಲಿ ನಾವು ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್‌ಗೆ ಬಿಡುವುದಿಲ್ಲ. ಅಪ್ಪನ ನೌಕರಿ ವಿಷಯದಲ್ಲಿ ಹೇಗೆ ಬಿಡಲಿ?

ವಾರದ ದಿನಗಳಲ್ಲಿ ರಾತ್ರಿ ಕೂತು, ಉಚಿತವಾಗಿ ಸಿಗುವ ಫೆಮ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಾಯಿಲ್, ಬಿಲ್ಲೆಟ್ ಎರಡನ್ನೂ ಎರಡು ಆಯಾಮದಲ್ಲಿ ಬಿಡಿಸಿ, ನನ್ನ ಕರೆಂಟಿನ ಲೆಕ್ಕ ಸರಿಯಾ ಅಂತ ನೋಡಿದೆ. ಅಲ್ಲೂ ಒಂದು ಪಾಠ: ಸ್ಕಿನ್ ಡೆಪ್ತ್ ಒಂದು ಮಿಲಿಮೀಟರಿಗಿಂತ ಕಡಿಮೆ ಇರುವಲ್ಲಿ ಮೆಶ್ ಎರಡು ಮಿಲಿಮೀಟರ್ ಇಟ್ಟರೆ ಉತ್ತರವೇ ತಪ್ಪು ಬರುತ್ತೆ. ಬಲೆಯ ಕಣ್ಣು ಮೀನಿಗಿಂತ ಸಣ್ಣದಿರಬೇಕು. ಮೈಯ ಹತ್ತಿರ ಮೆಶ್ ಸಣ್ಣದು ಮಾಡಿದ ಮೇಲೆ ಎರಡೂ ಲೆಕ್ಕ ಹೊಂದಿದವು.

ಆದರೂ ಅದು ಲೆಕ್ಕಕ್ಕೆ ಲೆಕ್ಕವೇ ಸಾಕ್ಷಿ. ಕಬ್ಬಿಣವನ್ನೇ ಕೇಳಬೇಕಿತ್ತು.

ಶಾಪಿನ ಮ್ಯಾನೇಜರ್‌ಗೆ ನಾನೇ ಫೋನ್ ಮಾಡಿದೆ. ಜಗಳ ಆಡಲಿಲ್ಲ. "ಸರ್, ನನ್ನ ಲೆಕ್ಕ ತಪ್ಪಿರಬಹುದು. ಒಂದೇ ಒಂದು ಬಿಲ್ಲೆಟ್ ಟೆಸ್ಟ್ ಮಾಡೋಣ. ತಪ್ಪಿದ್ರೆ ನಾನೇ ಸುಮ್ಮನಾಗ್ತೀನಿ." ರಿಜೆಕ್ಷನ್ ಮತ್ತೆ ಬಂದರೆ ಅವರಿಗೂ ಕಷ್ಟವೇ. ಮುಂದಿನ ಭಾನುವಾರ ಮೆಂಟೆನೆನ್ಸ್ ಶಿಫ್ಟಿನಲ್ಲಿ ಬನ್ನಿ ಅಂದರು.

ಒಂದು ಬಿಲ್ಲೆಟ್ಟಿನ ತುದಿಯಿಂದ ನಡುವಿನ ತನಕ ತೂತು ಕೊರೆದು ಅದರೊಳಗೆ ತೆಳ್ಳನೆಯ ಕೆ-ಟೈಪ್ ಥರ್ಮೋಕಪಲ್ ತೂರಿಸಿದೆವು. ಆ ಬಿಲ್ಲೆಟ್ಟನ್ನು ಕಾಯಿಲ್ ಬಾಯಿಯ ಕಡೆ ಇಟ್ಟು, ತಳ್ಳದೆ, ನಿಲ್ಲಿಸಿಯೇ 110 ಸೆಕೆಂಡ್ ಕಾಸುವುದು ಅಂತ ಮಾಡಿದೆವು. ನಿಂತ ಬಿಲ್ಲೆಟ್ಟಿಗೆ ಲೆಕ್ಕ ಎಷ್ಟು ಹೇಳುತ್ತೆ ಅಂತ ಮೊದಲೇ ಒಂದು ಚೀಟಿಯಲ್ಲಿ ಬರೆದು ಮ್ಯಾನೇಜರ್ ಕೈಗೆ ಕೊಟ್ಟೆ: ನಡುವೆ 1032.

ಪವರ್ ಕೊಟ್ಟರು. ಕಾಯಿಲ್ ಗುಂಯ್ ಅಂದಿತು. ಕಾಂತಕ್ಷೇತ್ರದ ಗದ್ದಲಕ್ಕೆ ಮೀಟರ್ ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು, ಪವರ್ ಇರುವ ತನಕ ಅದನ್ನು ನಂಬುವಂತಿಲ್ಲ. ಬಾಯಿಯಲ್ಲಿ ಮಂಕು ಕೆಂಪು ಕಂಡ ಹೊತ್ತಿಗೆ ದನಿ ಏರಿತು. ನನಗೂ ಕೇಳಿಸಿತು. ಅಪ್ಪ ನನ್ನ ಕಡೆ ನೋಡಿದ, ಮಾತಾಡಲಿಲ್ಲ.

110ಕ್ಕೆ ಪವರ್ ಆಫ್. ಮ್ಯಾನೇಜರ್ ಪೈರೋಮೀಟರ್ ಹಿಡಿದರು: ಹೊರಗೆ 1200ರ ಹತ್ತಿರ. ಮೀಟರ್ ಕುಣಿತ ನಿಂತಿತು. ನಡುವೆ: 1048.

ಚೀಟಿಗೂ ಮೀಟರಿಗೂ 16 ಡಿಗ್ರಿ ವ್ಯತ್ಯಾಸ. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ನಡೆದದ್ದಕ್ಕೆ ನಾನು ತಯಾರಿರಲಿಲ್ಲ, ಲೆಕ್ಕದಲ್ಲಿ ಮೊದಲೇ ನೋಡಿದ್ದರೂ. ಪವರ್ ಇಲ್ಲ, ಕರೆಂಟ್ ಇಲ್ಲ, ಹೊರಗಿನ ಹಳದಿ ನಿಧಾನಕ್ಕೆ ಮಂಕಾಗುತ್ತಿದೆ. ಮೀಟರಿನಲ್ಲಿ ನಡುವಿನ ತಾಪ ಮಾತ್ರ ಏರುತ್ತಿದೆ. 1055. 1070. ಪಕ್ಕದಲ್ಲಿ ಏನೋ ಸದ್ದು. ತಿರುಗಿ ನೋಡಿದರೆ ಅಪ್ಪನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ. ಅವನ ಹತ್ತಕ್ಕೆ 1085. ಅವನು ನಿಲ್ಲಿಸಲಿಲ್ಲ. ಹದಿನೆಂಟಕ್ಕೆ 1100 ದಾಟಿತು.

*

ಸಿನಿಮಾದಲ್ಲಾದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ಮ್ಯಾನೇಜರ್ ಚೀಟಿ ಜೇಬಿಗಿಟ್ಟುಕೊಂಡು, "ಅಂದರ ಪ್ರೊಡಕ್ಷನ್ ಅರ್ಧಕ್ಕ ಇಳೀತಲ್ಲ" ಅಂದರು. ಅವರ ಚಿಂತೆಯೂ ಸುಳ್ಳಲ್ಲ. 11 ಸೆಕೆಂಡಿಗೊಂದು ಬರುತ್ತಿದ್ದದ್ದು ಇನ್ನು 20 ಸೆಕೆಂಡಿಗೊಂದು. 1 ಕಿಲೋಹರ್ಟ್ಜ್ ಪವರ್ ಸಪ್ಲೈ ತಂದರೆ ಸ್ಕಿನ್ ಡೆಪ್ತ್ 17 ಮಿ.ಮೀ. ಆಗುತ್ತೆ, 60ರ ಬಿಲ್ಲೆಟ್ಟಿಗೆ ಅದೇ ಸರಿ, ಬೇಗ ಆಗುತ್ತೆ ಅಂತ ಹೇಳಿದೆ. ದುಡ್ಡು ಯಾರು ಕೊಡ್ತಾರೆ ಅನ್ನೋ ಹಾಗೆ ನಕ್ಕರು.

ಒಂದು ವಾರದಲ್ಲಿ ಸೈಕಲ್ ಟೈಮ್ ಬದಲಾಯಿತು. ಚೂಟ್ ಬಾಯಿಗೆ ಒಂದು ಗೇಟ್ ಬಂತು, ಅದಕ್ಕೊಂದು ಟೈಮರ್. ಬಿರುಕಿನ ದೂರು ಆಮೇಲೆ ಬರಲಿಲ್ಲ ಅಂತ ಅಪ್ಪ ಹೇಳಿದ. ಮೆಮೊ ವಾಪಸ್ ಪಡೆದಿದ್ದೇವೆ ಅಂತ ಕಾಗದ ಮಾತ್ರ ಇವತ್ತಿನ ತನಕ ಬಂದಿಲ್ಲ. ಫೈಲಿನಲ್ಲಿ ಅದು ಹಾಗೇ ಇದೆ. ಸೂಪರ್‌ವೈಸರ್ ಒಂದು ದಿನ ಚಹಾ ತಂದುಕೊಟ್ಟನಂತೆ. "ಅಷ್ಟ ಸಾಕು ಬಿಡು" ಅನ್ನುತ್ತಾನೆ ಅಪ್ಪ. ನನಗೆ ಸಾಕು ಅನ್ನಿಸುವುದಿಲ್ಲ. ಇರಲಿ.

ಇನ್ನೊಂದು ವಿಷಯ ಹೇಳದಿದ್ದರೆ ಮೋಸವಾಗುತ್ತೆ. ನನ್ನ ಲೆಕ್ಕ ಆ ಒಂದು ಲಾಟ್ ವಿಷಯದಲ್ಲಿ ಅಪ್ಪನ ಪರವಾಗಿತ್ತು. ಅಪ್ಪನ ಕಣ್ಣಿನ ಪರವಾಗಿ ಅಲ್ಲ. ಟೆಸ್ಟ್ ಮುಗಿಸಿ ಬಂದ ರಾತ್ರಿ ಅವನೇ ಹೇಳಿದ: "ಖರೆ ಹೇಳ್ತೇನಿ ತಂಗೀ. ಈಗೀಗ ಒಮ್ಮೊಮ್ಮೆ ನನಗ ಗೊತ್ತಾಗಂಗಿಲ್ಲ, ಅದು ಹಳದಿನೋ ಕಿತ್ತಳಿನೋ ಅಂತ." ಮೆಮೊ ಬಂದ ದಿನ ಅವನು ಊಟ ಬಿಟ್ಟದ್ದು ಅವಮಾನಕ್ಕೆ ಮಾತ್ರ ಅಲ್ಲ. ತಪ್ಪು ತನ್ನದೇ ಇರಬಹುದಾ ಅನ್ನೋ ಹೆದರಿಕೆಗೆ. 26 ವರ್ಷ ನಂಬಿದ ಕಣ್ಣನ್ನು ಅವನೇ ನಂಬಲಾರದೆ ಹೋಗಿದ್ದ, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕಾದ ಲೋಹದ ಎದುರು ವರ್ಷಗಟ್ಟಲೆ ನಿಲ್ಲುವವರಿಗೆ ಆ ಶಾಖಕಿರಣದಿಂದಲೇ ಕಣ್ಣಿನ ಪೊರೆ ಬೇಗ ಬರಬಹುದು ಅಂತ ವೈದ್ಯಶಾಸ್ತ್ರದಲ್ಲಿ ಹಳೆಯ ಕಾಲದಿಂದಲೂ ಇದೆ. ಬಣ್ಣದ ಗಾಜಿನ ಕನ್ನಡಕ ಶಾಪಿನಲ್ಲಿ ಇತ್ತು. ಹಾಕಿಕೊಂಡರೆ ಬಣ್ಣ ತಿಳಿಯಲ್ಲ ಅಂತ ಇವನು ಹಾಕುತ್ತಿರಲಿಲ್ಲ.

ದೀಪಾವಳಿ ಮುಗಿಸಿ ಎರಡೂ ಕಣ್ಣಿನ ಆಪರೇಷನ್ ಮಾಡಿಸಿದೆವು, ಒಂದಾದ ಮೇಲೊಂದು. ಪಟ್ಟಿ ಬಿಚ್ಚಿದ ದಿನ ಅವ್ವನ ಸೀರೆ ನೋಡಿ "ಇದು ನೀಲಿ ಐತೇನ?" ಅಂದ. ಅವ್ವ, "ಹತ್ತು ವರ್ಷದಿಂದ ನೀಲಿನ ಐತಿ" ಅಂದಳು.

ಮತ್ತೆ ಡ್ಯೂಟಿಗೆ ಹೋದ ಮೊದಲ ದಿನ ಸಂಜೆ ಫೋನ್ ಮಾಡಿದ. "ಎಲ್ಲಾ ಬೆಳ್ಳಗ ಕಾಣಾಕತ್ತೈತಿ. ನನ್ನ ಲಿಂಬಿಹಣ್ಣು ಎಲ್ಲೋ ಹೋಗಿಬಿಟ್ಟೈತಿ." ಹಳದಿಗಟ್ಟಿದ ಮಸೂರ ತೆಗೆದು ಹೊಸದು ಹಾಕಿದರೆ ಹಾಗೇ ಆಗುತ್ತೆ. ಅಷ್ಟು ವರ್ಷ ಕೂಡಿಸಿಟ್ಟ ಬಣ್ಣದ ಲೆಕ್ಕವೆಲ್ಲ ಒಂದೇ ದಿನದಲ್ಲಿ ಬದಲಾಗಿತ್ತು. ಈಗ ಅವನು ಕನ್ನಡಕ ಹಾಕಿಕೊಳ್ಳುತ್ತಾನೆ. ತಾಪಕ್ಕೆ ಪೈರೋಮೀಟರ್ ನೋಡುತ್ತಾನೆ, ಕ್ಯೂರಿಗೆ ಕಿವಿ ಕೊಡುತ್ತಾನೆ.

ನಾನು ಇನ್ನೂ ಪೇಮೆಂಟ್ ಆ್ಯಪ್‌ನಲ್ಲೇ ಇದ್ದೀನಿ. ಆದರೆ ಆ 150 ಸಾಲು ಡಿಲೀಟ್ ಮಾಡಿಲ್ಲ. ಅಪ್ಪ ಆಗಾಗ ಫೋನ್ ಮಾಡಿ ಹೊಸ ಸೈಜ್ ಹೇಳುತ್ತಾನೆ, ನಾನು ಓಡಿಸಿ ಸಮಯ ಹೇಳುತ್ತೀನಿ. ಹೋದ ವಾರವೂ ಬಂದಿತ್ತು. ಕೈಕೆಳಗೆ ಒಬ್ಬ ಹೊಸ ಹುಡುಗ ಬಂದಿದ್ದಾನಂತೆ, ಐಟಿಐ ಮುಗಿಸಿದವನು.

"ಅವಂಗ ಏನು ಕಲಿಸ್ದಿ ಅಪ್ಪಾ?"

"ಮತ್ತೇನು? ನಲವತ್ತೈದಕ್ಕ ಹತ್ತು, ಅರವತ್ತಕ್ಕ ಹದಿನೆಂಟು. ಯಾಕ ಅಂತ ಕೇಳಿದಾ."

"ಏನ್ ಹೇಳಿದಿ?"

"ನನ್ನ ಮಗಳ ನಂಬರ್ ಕೊಟ್ಟೇನಿ."